ಅವರ ನೆಮ್ಮದಿ, ನಮ್ಮ ಅನುಕೂಲ

ಪ್ರವಾಸ ಮುಗಿಸಿ ಬಂದವರ ಚೀಲದಲ್ಲಿ ಕೊಡಗಿನ ಜೇನು ಇರುತ್ತದೆ, ಚಿಕ್ಕಮಗಳೂರಿನ ಕಾಫಿಪುಡಿ ಇರುತ್ತದೆ, ಇತ್ತೀಚೆಗೆ ಒಬ್ಬ ನೆಮ್ಮದಿಯ ಡ್ರೈವರ್ ಕೂಡ ಇರುತ್ತಾನೆ. ಮೊದಲೆರಡನ್ನು ನೆಂಟರಿಗೆ ಹಂಚುತ್ತಾರೆ. ಮೂರನೆಯವನನ್ನು ಊಟದ ಹೊತ್ತಿನಲ್ಲಿ, ಆಫೀಸಿನ ಚಹಾದ ಹೊತ್ತಿನಲ್ಲಿ, ಭಾನುವಾರದ ಪುರವಣಿಯಲ್ಲಿ ಎಲ್ಲರಿಗೂ ಬಡಿಸುತ್ತಾರೆ. ಕಥೆ ಹೆಚ್ಚು ಕಡಿಮೆ ಒಂದೇ. ಮೂರು ದಿನ ಜೊತೆಗಿದ್ದ. ಕೇಳಿದ್ದಕ್ಕಷ್ಟೇ ಮಾತು. ಎಷ್ಟು ಹೊತ್ತು ಕಾಯಿಸಿದರೂ ಮುಖ ಸಿಂಡರಿಸಲಿಲ್ಲ. ನಾವು ಒಂದು ರಾತ್ರಿಗೆ ಕೊಟ್ಟ ರೂಮಿನ ಬಾಡಿಗೆ ಅವನಿಗೆ ಎಷ್ಟೋ ದಿನದ ದುಡಿಮೆ. ಆದರೂ ಎಂಥ ಶಾಂತಿ ಆ ಮುಖದಲ್ಲಿ! ಕೊನೆಗೆ ಕಥೆ ಹೇಳಿದವರು ಒಂದು ನಿಟ್ಟುಸಿರು ಬಿಡುತ್ತಾರೆ: ನಮಗೆ ಇಷ್ಟೆಲ್ಲ ಇದ್ದೂ ಅದೊಂದಿಲ್ಲ ನೋಡಿ. ಕೇಳಿದವರು ಹೌದೌದು ಎಂದು ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಪಾಯಸ ಬರುತ್ತದೆ.

ಈ ಕಥೆಯ ಮೇಲೆ ನನ್ನ ತಕರಾರಿದೆ. ಅದು ಸುಳ್ಳೆಂದು ತಕರಾರಲ್ಲ. ನೆಮ್ಮದಿಯಾಗಿರುವ ಡ್ರೈವರುಗಳು ಇದ್ದಾರೆ, ಅಂಥವರ ಪಕ್ಕ ಕುಳಿತು ಓಡಾಡಿದ್ದೇನೆ. ಆದರೆ ಕಥೆ ಹೇಳುವವರು ಆ ನೆಮ್ಮದಿ ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿರುವುದಿಲ್ಲ. ಕೇಳದೆಯೇ ಅದು ಬಡತನದ ಕೊಡುಗೆ, ಹಳ್ಳಿಯವರ ಹುಟ್ಟುಗುಣ, ಆಸೆ ಕಡಿಮೆ ಇರುವವರಿಗೆ ದೇವರು ಕೊಟ್ಟ ವರ ಎಂದು ತೀರ್ಮಾನಿಸಿರುತ್ತಾರೆ. ಈ ತೀರ್ಮಾನ ಪುಕ್ಕಟೆ ಬಂದದ್ದಲ್ಲ. ಅದರಿಂದ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ದೊಡ್ಡ ಲಾಭವಿದೆ.

ಮೊದಲು ಆ ಮೌನವನ್ನೇ ನೋಡೋಣ. ಟ್ರಾವೆಲ್ಸ್ ಮಾಲೀಕರು ಹೊಸ ಹುಡುಗನಿಗೆ ಗಾಡಿಯ ಕೀ ಕೊಡುವಾಗ ಹೇಳುವ ಬುದ್ಧಿಮಾತು ಇದು: ಪಾರ್ಟಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಅವರ ಮನೆ ಮಾತಿಗೆ ಕಿವಿ ಕೊಡಬೇಡ, ಅವರಾಗಿ ಕೇಳದೆ ಹಾಡು ಹಾಕಬೇಡ, ಎಷ್ಟೇ ಹೊತ್ತಾದರೂ ಗೊಣಗಬೇಡ. ಹಿಂದೆ ಗಂಡ ಹೆಂಡತಿ ಸೈಟಿನ ಪಾಲಿನ ವಿಷಯಕ್ಕೆ ಜಗಳವಾಡುತ್ತಿರುತ್ತಾರೆ, ಮಗು ಸೀಟಿನ ಮೇಲೆ ವಾಂತಿ ಮಾಡಿರುತ್ತದೆ, ಮಾವ ಫೋನಿನಲ್ಲಿ ಯಾರಿಗೋ ಬೈಯುತ್ತಿರುತ್ತಾರೆ. ಕನ್ನಡಿಯಲ್ಲಿ ಕಾಣುವ ಕಣ್ಣು ಮಾತ್ರ ರಸ್ತೆಯ ಮೇಲೆ. ಇದು ಕಲಿತ ವಿದ್ಯೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರ ಸೌಜನ್ಯವನ್ನು ನೋಡಿ ಅವರ ಆತ್ಮ ಎಷ್ಟು ನಿರ್ಮಲ ಎಂದು ಯಾರೂ ಪುರವಣಿಗೆ ಬರೆಯುವುದಿಲ್ಲ, ಅದು ಅವರ ಕೆಲಸದ ಭಾಗವೆಂದು ನಮಗೆ ಗೊತ್ತು. ಡ್ರೈವರ್ ವಿಷಯಕ್ಕೆ ಬಂದಾಗ ಮಾತ್ರ ಈ ಸಣ್ಣ ಸಂಗತಿ ಮರೆತುಹೋಗುತ್ತದೆ. ಕೊನೆಯ ದಿನ ಬ್ಯಾಗು ಇಳಿಸಿದ ಮೇಲೆ ಕೈಗೆ ಬರುವ ಎರಡು ನೋಟು, ಏಜೆನ್ಸಿಗೆ ಹೋಗುವ ಒಂದು ಫೋನು, ಆ್ಯಪ್ ಆದರೆ ಐದು ನಕ್ಷತ್ರ, ಇವೆಲ್ಲ ಆ ಪ್ರಶಾಂತ ಮುಖದ ಮೇಲೆ ನಿಂತಿರುವಾಗ ಅವರು ನಮ್ಮೆದುರು ತಮ್ಮ ಸಂಕಟ ಬಿಚ್ಚಿಡುತ್ತಾರೆಂದು ನಿರೀಕ್ಷಿಸುವುದೇ ತಪ್ಪು. ಅವರು ಬಿಚ್ಚಿಡಲಿಲ್ಲ ಎಂಬುದರಿಂದ ಸಂಕಟವೇ ಇಲ್ಲ ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ಇನ್ನು ಆ ಮೂರು ದಿನಗಳ ಲೆಕ್ಕ. ಆಗುಂಬೆಯ ಸೂರ್ಯಾಸ್ತ ನೋಡಬೇಕೆಂದು ಪಾರ್ಟಿ ಬೆಳಗಿನ ಜಾವವೇ ಬೆಂಗಳೂರು ಬಿಡುತ್ತದೆ. ಅವರು ಏಳುವ ಮೊದಲೇ ಡ್ರೈವರ್ ಎದ್ದು ಗಾಡಿ ತೊಳೆದಿರಬೇಕು. ಸೂರ್ಯ ಮುಳುಗಿದ ಮೇಲೆ ಕತ್ತಲಲ್ಲಿ, ಮಂಜಿನಲ್ಲಿ, 14 ಹೇರ್‌ಪಿನ್ ತಿರುವುಗಳ ಘಾಟಿ ಇಳಿದು ಉಡುಪಿ ಸೇರಬೇಕು. ಊಟ ಮುಗಿಸಿ ಎಲ್ಲರೂ ರೂಮಿಗೆ ಹೋಗುತ್ತಾರೆ. ಡ್ರೈವರ್ ಎಲ್ಲಿ ಹೋದರು? ನೆಮ್ಮದಿಯ ಕಥೆ ಹೇಳುವವರನ್ನು ಈ ಪ್ರಶ್ನೆ ಕೇಳಿ ನೋಡಿ. ಹತ್ತರಲ್ಲಿ ಎಂಟು ಮಂದಿ ತಡವರಿಸುತ್ತಾರೆ. ಇಲ್ಲೇ ಎಲ್ಲೋ ಮಲಗಿದ್ದ ಅನ್ಸುತ್ತೆ, ಅವರಿಗೆಲ್ಲ ಅಭ್ಯಾಸ ಇರುತ್ತೆ ಎನ್ನುತ್ತಾರೆ.

ಅವರು ಗಾಡಿಯಲ್ಲೇ ಮಲಗಿದ್ದರು. ಬಿಲ್ಲಿನಲ್ಲಿ ಬಾಟಾ ಎಂದೊಂದು ಸಾಲು ಇರುತ್ತದೆ, ಡ್ರೈವರ್ ಊಟ, ವಸತಿ ಎರಡೂ ಅದರಲ್ಲೇ ಆಗಬೇಕೆಂಬುದು ಒಪ್ಪಂದ. ಬಾಟಾ ಇರುವುದು ನೂರುಗಳ ಲೆಕ್ಕದಲ್ಲಿ, ಪ್ರವಾಸಿ ಊರಿನ ಲಾಡ್ಜ್ ಇರುವುದು ಸಾವಿರಗಳ ಲೆಕ್ಕದಲ್ಲಿ. ಆದ್ದರಿಂದ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ, ಗಾಜನ್ನು ಎರಡು ಬೆರಳಷ್ಟು ಇಳಿಸಿ, ಸೊಳ್ಳೆ ಹೊಡೆಯುತ್ತ ಮಲಗುತ್ತಾರೆ. ಉಳಿದ ಬಾಟಾ ಮನೆಗೆ ಹೋಗುತ್ತದೆ. ಬೆಳಿಗ್ಗೆ ಸ್ನಾನಕ್ಕೆ ಪೆಟ್ರೋಲ್ ಬಂಕಿನ ನಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಂದಿನ ಕೊಕ್ಕೆಗೆ ನೇತುಹಾಕಿಕೊಂಡು ಬಂದಿರುತ್ತಾರೆ, ಅದನ್ನು ತೊಟ್ಟು ಎಂಟು ಗಂಟೆಗೆ ಪೋರ್ಟಿಕೋದಲ್ಲಿ ಗಾಡಿ ನಿಲ್ಲಿಸಿ ಗುಡ್ ಮಾರ್ನಿಂಗ್ ಸಾರ್ ಎನ್ನುತ್ತಾರೆ. ಎಷ್ಟು ಫ್ರೆಶ್ ಆಗಿದ್ದಾನೆ ನೋಡಿ ಎನ್ನುತ್ತೇವೆ. ರಾತ್ರಿ ನಾಲ್ಕು ತಾಸು ಸರಿಯಾಗಿ ನಿದ್ದೆ ಮಾಡಿರದ ಆ ಮನುಷ್ಯನ ಕೈಯಲ್ಲಿ ಆ ದಿನ ಚಾರ್ಮಾಡಿ ಘಾಟಿಯಲ್ಲಿ ನಮ್ಮ ಮಕ್ಕಳ ಜೀವವಿರುತ್ತದೆ. ಅವರ ಮೇಲಿನ ಕರುಣೆಗಾಗಿ ಬೇಡ, ನಮ್ಮ ಸ್ವಾರ್ಥಕ್ಕಾದರೂ ಅದು ತಲೆಗೆ ಹೊಳೆಯಬೇಡವೆ?

ಈ ದೇಶದ ಕಾನೂನಿಗೆ ಇದು ಅರವತ್ತು ವರ್ಷಗಳ ಹಿಂದೆಯೇ ಹೊಳೆದಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಗೆ ಗೆರೆ ಎಳೆಯಿತು. ದೂರದ ಮಾರ್ಗಕ್ಕೆ ಕೊಂಚ ಸಡಿಲ ಕೊಟ್ಟರೂ ದಿನಕ್ಕೆ 10 ಗಂಟೆ ದಾಟಬಾರದೆಂದಿತು. 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಇರಲಿ ಎಂದಿತು. ರಾತ್ರಿ ತಂಗಬೇಕಾದ ಕಡೆ ಮಾಲೀಕರು ಗಾಳಿ ಬೆಳಕಿರುವ ವಿಶ್ರಾಂತಿ ಕೊಠಡಿ ಒದಗಿಸಲಿ ಎಂದಿತು. ಈಗ ಅದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಕೊಂಡಿದೆ. ಆದರೆ ಮೂಲ ಕಾಯ್ದೆಯಲ್ಲೇ ಒಂದು ಕಿಂಡಿ ಇತ್ತು: ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ. ನಮ್ಮನ್ನು ಆಗುಂಬೆಗೆ ಕರೆದೊಯ್ಯುವ ಹಳದಿ ಬೋರ್ಡಿನ ಗಾಡಿ ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿ ಒಂದೇ ಇರುತ್ತದೆ, ಯಾವುದೋ ಏಜೆನ್ಸಿಗೆ ಅಟ್ಯಾಚ್ ಆಗಿರುತ್ತದೆ, ಓಡಿಸುವವರು ಕೆಲವೊಮ್ಮೆ ದಿನದ ಲೆಕ್ಕಕ್ಕೆ ಬಂದ ಆ್ಯಕ್ಟಿಂಗ್ ಡ್ರೈವರ್ ಆಗಿರುತ್ತಾರೆ. ಇಂಥಲ್ಲಿ ಮಾಲೀಕ ಯಾರೆಂದು ಹುಡುಕುವುದೇ ಕಷ್ಟ, ಗಂಟೆಗಳ ಲೆಕ್ಕ ಇಡುವವರು ಇನ್ನೆಲ್ಲಿ?

ಹಾಗಾದರೆ ಸರ್ಕಾರಿ ಬಸ್ಸಿನ ಡ್ರೈವರ್? ಪ್ರವಾಸಿಗರ ಕಥೆಗಳಲ್ಲಿ ಅವರಿಗೂ ಒಂದು ಖಾಯಂ ಪಾತ್ರವಿದೆ. ಹಳ್ಳಿಯ ಕೊನೆಯ ಸ್ಟಾಪಿನಲ್ಲಿ ಬಸ್ ನಿಲ್ಲಿಸಿ, ಕಂಡಕ್ಟರ್ ಜೊತೆ ಎಲೆಅಡಿಕೆ ಹಾಕುತ್ತ, ಜಗಲಿಯ ಮೇಲೆ ಕುಳಿತ ಸಂತೃಪ್ತ ಜೀವ. ನೈಟ್ ಹಾಲ್ಟ್ ಬಸ್ಸಿನ ಈ ಚಿತ್ರ ನನಗೂ ಇಷ್ಟ. ಆದರೆ ಆ ಜಗಲಿ ಯಾರದೆಂದು ವಿಚಾರಿಸಿ. ಎಷ್ಟೋ ಊರುಗಳಲ್ಲಿ ಅದು ದೇವಸ್ಥಾನದ್ದೋ ಪಂಚಾಯಿತಿಯದ್ದೋ ಆಗಿರುತ್ತದೆ, ಉಳಿದ ಕಡೆ ಹಾಸಿಗೆ ಬಸ್ಸಿನ ಸೀಟೇ. 1948ರಲ್ಲಿ ಮೈಸೂರು ಸರ್ಕಾರದ ಇಲಾಖೆಯಾಗಿ ಶುರುವಾಗಿ 1961ರಲ್ಲಿ ನಿಗಮವಾದ ಕೆ.ಎಸ್.ಆರ್.ಟಿ.ಸಿ. ಕರ್ನಾಟಕದ ಹಳ್ಳಿಗಳಿಗೆ ಶಾಲೆ, ಆಸ್ಪತ್ರೆ, ಸಂತೆ ಮೂರನ್ನೂ ಹತ್ತಿರ ತಂದಿತು. ಅವನ್ನು ತಂದವರು ಈ ಸೀಟಿನ ಮೇಲೆ ಮಲಗಿದವರು. 2024ರ ನವೆಂಬರ್‌ನಲ್ಲಿ ನೆಲಮಂಗಲದ ಕಡೆಯ ಬಿ.ಎಂ.ಟಿ.ಸಿ. ಬಸ್ಸೊಂದರ ಡ್ರೈವರ್ ಸ್ಟಿಯರಿಂಗ್ ಮೇಲೆಯೇ ಹೃದಯಾಘಾತದಿಂದ ಕುಸಿದರು, ಕಂಡಕ್ಟರ್ ಸೀಟಿಗೆ ಜಿಗಿದು ಬಸ್ ನಿಲ್ಲಿಸಿದರು. ಡ್ರೈವರ್ ಉಳಿಯಲಿಲ್ಲ, ಅವರಿಗೆ ಇನ್ನೂ ನಲವತ್ತು ದಾಟಿರಲಿಲ್ಲ. ಒಬ್ಬರ ಸಾವಿನಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ನಿಜ. ಹಾಗೆಯೇ ಒಬ್ಬರ ಮುಗುಳ್ನಗೆಯಿಂದಲೂ ಬರಲಾಗದು.

ಈಗ ನಿಜವಾದ ನೆಮ್ಮದಿಯ ಮಾತು. ತೀರ್ಥಹಳ್ಳಿಯ ಸುತ್ತಮುತ್ತ ಓಡಾಡಲು ಒಮ್ಮೆ ಅಲ್ಲಿಯವರದೇ ಒಂದು ಕಾರು ಮಾಡಿಕೊಂಡಿದ್ದೆ. ಐವತ್ತರ ಆಸುಪಾಸಿನವರು. ಅವಸರವಿಲ್ಲ, ಹಾರ್ನ್ ಇಲ್ಲ, ಎದುರಿಗೆ ಬಸ್ ಬಂದರೆ ಮೊದಲೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಕೇಳಿದೆ.

"ನೀವು ಬಹಳ ಆರಾಮಾಗಿದೀರಿ ಅನ್ಸುತ್ತೆ."

"ಸಾಲ ಹರೀತಲ್ಲ ಸಾರ್" ಎಂದರು, ಸಾರಿಗೆ ಅನ್ನ ಕಲಸುತ್ತ.

ಆಮೇಲೆ ಒಂದೊಂದೇ ಹೇಳಿದರು. ಗಾಡಿಯ ಕೊನೆಯ ಕಂತು ಕಟ್ಟಿ ಆಗಿದೆ. ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ತಮ್ಮನ ಪಾಲು ಬಿಟ್ಟು ಸ್ವಲ್ಪ ಅಡಿಕೆ ತೋಟ ಇದೆ. ಮಗಳ ನರ್ಸಿಂಗ್ ಮುಗಿದಿದೆ. ಕತ್ತಲಾದ ಮೇಲೆ ಘಾಟಿ ಡ್ಯೂಟಿ ಒಪ್ಪುವುದಿಲ್ಲ, ಯಾರು ಎಷ್ಟು ಕೊಡುತ್ತೇನೆಂದರೂ ಸರಿ. ರಾತ್ರಿ ಮನೆಗೆ ಹೋಗಿ ಮಲಗುವಂಥ ಬಾಡಿಗೆ ಮಾತ್ರ. "ಹತ್ತು ವರ್ಷದ ಹಿಂದೆ ನನ್ನ ಗಾಡಿ ಹತ್ತಿದ್ರೆ ನೀವು ಅರ್ಧ ದಾರೀಲೇ ಇಳಿದು ಹೋಗ್ತಿದ್ರಿ. ಆಗ ಫೈನಾನ್ಸಿನವರು ಮನೆ ಬಾಗಿಲಿಗೆ ಬರ್ತಿದ್ರು. ನನಗೆ ಕೋಪ ಜಾಸ್ತಿ ಇತ್ತು."

ಮನುಷ್ಯ ಅದೇ, ರಸ್ತೆ ಅದೇ. ಬದಲಾದದ್ದು ಕಂತು, ನಿದ್ದೆ, ಬೇಡ ಎನ್ನುವ ಅಧಿಕಾರ. ಅವರು ತಮ್ಮ ನೆಮ್ಮದಿಯ ಮೂಲವನ್ನು ರಸೀದಿ ಸಮೇತ ತೋರಿಸಿದರು. ಪ್ರವಾಸಕಥೆಯವರು ಇದೇ ವ್ಯಕ್ತಿಯನ್ನು ಕಂಡಿದ್ದರೆ ಮಲೆನಾಡಿನ ಮಳೆ, ಹಸಿರು, ಸರಳ ಬದುಕು ಎಂದು ಬರೆದು ಕಂತಿನ ವಿಷಯ ಬಿಟ್ಟುಬಿಡುತ್ತಿದ್ದರು.

ಕಂತು ಹರಿಯದವರನ್ನು ನೋಡಬೇಕಾದರೆ ಬೆಂಗಳೂರಿಗೆ ಬನ್ನಿ. 2013ರ ಹೊತ್ತಿಗೆ ಊಬರ್ ಇಲ್ಲಿಗೆ ಕಾಲಿಟ್ಟಾಗ, ಓಲಾ ಜೊತೆ ಪೈಪೋಟಿಗೆ ಬಿದ್ದಾಗ, ಇನ್ಸೆಂಟಿವ್ ಆಸೆಗೆ ಮಂಡ್ಯ, ಕೋಲಾರ, ತುಮಕೂರಿನ ಎಷ್ಟೋ ಹುಡುಗರು ಸಾಲ ಮಾಡಿ ಕಾರು ತೆಗೆದರು. ಜಮೀನು ಅಡವಿಟ್ಟವರೂ ಇದ್ದರು. ನಂತರ ಇನ್ಸೆಂಟಿವ್ ಇಳಿಯಿತು, ಕಂತು ಇಳಿಯಲಿಲ್ಲ. 2017ರ ಫೆಬ್ರುವರಿಯಲ್ಲಿ ಅವರು ಬೀದಿಗಿಳಿದರು. ಇಂದಿಗೂ ಎಷ್ಟೋ ಮಂದಿ ದಿನಕ್ಕೆ ಹನ್ನೆರಡು, ಹದಿನಾಲ್ಕು ತಾಸು ಓಡಿಸುತ್ತಾರೆ, ಏರ್‌ಪೋರ್ಟಿನ ಪಾರ್ಕಿಂಗ್‌ನಲ್ಲಿ ನಿದ್ದೆ ಮಾಡುತ್ತಾರೆ. ಇವರು ಗ್ರಾಹಕರ ಜೊತೆ ಸಿಡುಕಿದರೆ ಈ ನಗರದ ಡ್ರೈವರುಗಳೇ ಹೀಗೆ, ದುರಾಸೆ ಎಂಬ ಮಾತು ಬರುತ್ತದೆ. ಇಲ್ಲಿ ಇನ್ನೊಂದು ಅನುಮಾನ ನನ್ನನ್ನು ಕಾಡುತ್ತದೆ. ಊರಿನ ಡ್ರೈವರ್ ಸಂತ, ನಗರದ ಡ್ರೈವರ್ ಲೂಟಿಕೋರ ಎಂದು ಹೇಳುವವರು ಎರಡೂ ಕಡೆ ಒಂದೇ ಅಳತೆಗೋಲು ಹಿಡಿದಿರುತ್ತಾರೆ: ಕೇಳದಿದ್ದವನು ಒಳ್ಳೆಯವನು, ಕೇಳಿದವನು ಕೆಟ್ಟವನು.

ಇದಕ್ಕೆ 2021ರ ಏಪ್ರಿಲ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆ ತಿಂಗಳ 7ರಿಂದ ಸುಮಾರು ಎರಡು ವಾರ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ಮುಷ್ಕರ ಹೂಡಿದರು. ಬೇಡಿಕೆ ಸರಳ: ಆರನೇ ವೇತನ ಆಯೋಗದ ಪ್ರಕಾರ ಸರ್ಕಾರಿ ನೌಕರರಿಗೆ ಸಿಗುವ ಸಂಬಳ ನಮಗೂ ಸಿಗಲಿ. ಮಾರ್ಚ್‌ವರೆಗೆ ಜಗಲಿಯ ಮೇಲಿನ ಸಂತೃಪ್ತ ಜೀವಗಳಾಗಿದ್ದವರು ಏಪ್ರಿಲ್‌ನಲ್ಲಿ ಜನರಿಗೆ ತೊಂದರೆ ಕೊಡುವವರಾದರು. ಕೋವಿಡ್ ಕಾಲದಲ್ಲಿ ಇದೆಲ್ಲ ಬೇಕಿತ್ತೆ ಎಂಬ ಮಾತು ಬಂತು. ಅಮಾನತು, ವಜಾ, ದೂರದೂರಿಗೆ ವರ್ಗಾವಣೆ ಎಲ್ಲ ನಡೆಯಿತು. ಆ ಮುಷ್ಕರದ ಸಮಯ, ನಾಯಕತ್ವ, ತಂತ್ರಗಳ ಬಗ್ಗೆ ಬೇಕಾದಷ್ಟು ಚರ್ಚೆ ಮಾಡಬಹುದು. ಆದರೆ ಬಸ್ ನಿಲ್ಲಿಸಿದವರು ಬೇರೆ ಜಾತಿಯ ಮನುಷ್ಯರೇನೂ ಆಗಿರಲಿಲ್ಲ. ಅವರ ತಾಳ್ಮೆಯನ್ನು ಹೊಗಳಿ ಬರೆದವರಿಗೆ ಆ ತಾಳ್ಮೆಯ ಸಂಬಳ ಎಷ್ಟೆಂದು ಕೇಳುವ ಅವಕಾಶ ಆ ಎರಡು ವಾರ ತೆರೆದಿತ್ತು.

ನನ್ನ ಮಾತಿಗೆ ಬರುವ ಆಕ್ಷೇಪ ನನಗೆ ಗೊತ್ತು, ಅದು ಸುಲಭದ ಆಕ್ಷೇಪವಲ್ಲ. ಬಡವನ ನಗುವಿನ ಹಿಂದೆ ಸಂಕಟವಿದೆ ಎಂದು ನೀವು ಹೇಗೆ ಹೇಳುತ್ತೀರಿ? ಅವನಿಗೆ ಒಳಗಿನ ಬದುಕಿಲ್ಲವೆ? ದುಡ್ಡಿಲ್ಲದವನು ನೆಮ್ಮದಿಯಾಗಿರಲು ಸಾಧ್ಯವೇ ಇಲ್ಲ ಎನ್ನುವುದು ನಿಮ್ಮ ಅಹಂಕಾರವಲ್ಲವೆ? ಒಪ್ಪುತ್ತೇನೆ, ಎಲ್ಲ ನಗುವನ್ನೂ ಮುಖವಾಡ ಎನ್ನುವವರು ಎಲ್ಲ ನಗುವನ್ನೂ ಮೋಕ್ಷ ಎನ್ನುವವರಷ್ಟೇ ಸೋಮಾರಿಗಳು. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಗಾಡಿ ಒಳ್ಳೆಯ ಗೇರಿನಲ್ಲಿ ಹೋಗುವಾಗಿನ ಖುಷಿ, ಘಾಟಿಯ ತಿರುವನ್ನು ಬ್ರೇಕ್ ಮುಟ್ಟದೆ ತೆಗೆದ ಹೆಮ್ಮೆ, ಊರೂರಿಗೂ ಇರುವ ಗುರುತಿನ ಹೋಟೆಲು, ಇವೆಲ್ಲ ಆ ಕೆಲಸ ಮಾಡಿದವರಿಗೇ ಗೊತ್ತಿರುವ ಸುಖ, ಯಾವ ಸಂಬಳದ ಪಟ್ಟಿಯಲ್ಲೂ ಅದು ಸೇರುವುದಿಲ್ಲ. ಆದರೆ ಆ ಸುಖವನ್ನು ಅನುಭವಿಸುವ ಮನುಷ್ಯನೇ ಬಾಟಾ ಹೆಚ್ಚಿಸಿ ಎಂದೂ ಕೇಳಬಲ್ಲ. ಒಂದು ಇದ್ದರೆ ಇನ್ನೊಂದು ಬೇಡ ಎಂದು ಯಾರು ಹೇಳಿದರು? ಒಳ್ಳೆಯ ಸಂಗೀತಗಾರರಿಗೆ ಹಾಡುವುದೇ ಆನಂದ, ಸಂಭಾವನೆ ಏಕೆ ಎಂದು ಸಭೆಯವರು ಕೇಳಿದರೆ ನಗುತ್ತೇವೆ.

ಇನ್ನು ಕೆಲವರು ಪರಂಪರೆಯನ್ನು ಎಳೆದು ತರುತ್ತಾರೆ. ಇರುವುದರಲ್ಲಿ ತೃಪ್ತಿ ಪಡುವುದು ಕಾಯಕಜೀವಿಗಳ ನಾಡಿನ ಸಂಸ್ಕಾರ, ಆಯ್ದಕ್ಕಿ ಲಕ್ಕಮ್ಮನನ್ನು ನೋಡಿ ಎನ್ನುತ್ತಾರೆ. ನೋಡೋಣ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ವಾಪಸು ಸುರಿದು ಬಾ ಎಂದಳು. ಎಲ್ಲರಿಗೂ ಗೊತ್ತಿರುವ ಕಥೆ. ಇದರಲ್ಲಿ ಸಾಕು ಎಂದವರು ಯಾರು? ಮನೆಯೊಡತಿ, ತನ್ನ ಮನೆಗೆ, ತನ್ನ ಗಂಡನಿಗೆ ಹೇಳಿದ ಮಾತದು. ಬಸವಣ್ಣನವರ ಮಹಾಮನೆಯಿಂದ ಯಾರೂ ಬಂದು ನಿಮಗೆ ಇಷ್ಟೇ ಸಾಕು ಎಂದು ಅಳೆದು ಕೊಡಲಿಲ್ಲ. ಅಲ್ಲಿ ಆದದ್ದು ತಿರುಗುಮುರುಗು: ಕಣಜ ಇದ್ದವರು ಹೆಚ್ಚು ಸಿಗಲಿ ಎಂದು ಬಯಸಿದ್ದರು, ಆಯುವವರು ಬೇಡವೆಂದರು. ಲಕ್ಕಮ್ಮನ ಸಾಕು ಎಂಬ ಮಾತಿಗೆ ಅಷ್ಟು ತೂಕ ಬಂದದ್ದು ಅದು ಅವಳ ಬಾಯಿಂದ ಬಂದದ್ದರಿಂದ. ಹಿಂದಿನ ಸೀಟಿನಲ್ಲಿ ಎ.ಸಿ. ಹೆಚ್ಚು ಮಾಡಿ ಎಂದು ಹೇಳಿ, ಅವನಿಗೆ ಅಷ್ಟೇ ಸಾಕು ನೋಡಿ ಎನ್ನುವವರು ಲಕ್ಕಮ್ಮನ ಹೆಸರು ಎತ್ತದಿರುವುದು ಒಳ್ಳೆಯದು.

ಚಾಲಕರು ತಮ್ಮ ಬಗ್ಗೆ ತಾವೇ ಕಟ್ಟಿಕೊಂಡ ಚಿತ್ರ ಹೇಗಿದೆ ಎಂಬ ಕುತೂಹಲವಿದ್ದರೆ ಬೆಂಗಳೂರಿನ ಆಟೊಗಳ ಬೆನ್ನು ನೋಡಬಹುದು. 1980ರ 'ಆಟೋ ರಾಜ' ಬಂದು ಇಷ್ಟು ದಶಕಗಳಾದರೂ ಅಲ್ಲಿ ಶಂಕರ್‌ನಾಗ್ ಇದ್ದಾರೆ. ಸ್ಟ್ಯಾಂಡುಗಳಲ್ಲಿ ನವೆಂಬರ್ ಬಂತೆಂದರೆ ಬಾವುಟ, ಹೂವು, ಅನ್ನಸಂತರ್ಪಣೆ. ತಮ್ಮ ದೇವರ ಸಾಲಿನಲ್ಲಿ ಅವರು ಕೂರಿಸಿಕೊಂಡದ್ದು ಒಂದು ಕ್ಷಣ ಸುಮ್ಮನೆ ಕೂರದ, ಹತ್ತು ಕೆಲಸಕ್ಕೆ ಒಟ್ಟಿಗೆ ಕೈ ಹಾಕಿದ, ತಮ್ಮ ಪಾತ್ರವನ್ನು ತಲೆಯೆತ್ತಿ ನಟಿಸಿದ ಮನುಷ್ಯನನ್ನು. ಕೈಕಟ್ಟಿ ಮೌನವಾಗಿ ನಿಂತ ಯಾವ ತೃಪ್ತಜೀವಿಯ ಚಿತ್ರವನ್ನೂ ನಾನು ಆಟೊ ಬೆನ್ನಿನಲ್ಲಿ ಕಂಡಿಲ್ಲ.

ಹೊಗಳಿಕೆಯ ಬದಲು ಏನು ಮಾಡಬೇಕೆಂದರೆ, ಅದೇನೂ ಕ್ರಾಂತಿಯ ಕೆಲಸವಲ್ಲ. ಕೆಲವು ಕಡೆ ಆಗಲೇ ಆಗಿದೆ. ತಮಿಳುನಾಡು ಸರ್ಕಾರ 2023ರಲ್ಲಿ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲು, ಲಾಡ್ಜುಗಳು ಅತಿಥಿಗಳ ಡ್ರೈವರುಗಳಿಗೆ ಮಲಗುವ ಕೋಣೆ, ಶೌಚಾಲಯ, ಸ್ನಾನದ ಮನೆ ಒದಗಿಸಬೇಕೆಂದಿತು. ನಕ್ಷೆಗೆ ಒಪ್ಪಿಗೆ ಬೇಕಾದರೆ ಅದೂ ಇರಬೇಕು, ಅಷ್ಟೇ. ಕರ್ನಾಟಕವೂ 2025ರಲ್ಲಿ ಗಿಗ್ ಕಾರ್ಮಿಕರ ಕಲ್ಯಾಣಕ್ಕೆ ಕಾಯ್ದೆ ತಂದಿದೆ, ಕೆಲಸಗಾರರಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ಶುಲ್ಕ ಕಟ್ಟಬೇಕು. ಒಳ್ಳೆಯದೇ. ಆದರೆ ಅದು ಆ್ಯಪ್ ಮೂಲಕ ದುಡಿಯುವವರಿಗೆ. ಮಡಿಕೇರಿಯ ರೆಸಾರ್ಟಿನ ಹೊರಗೆ ಗಾಡಿಯಲ್ಲಿ ಮಲಗಿದವರಿಗೆ ಅದು ತಲುಪುವುದಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಟ್ಟಗಳ ಮೇಲೆ ವರ್ಷ ವರ್ಷ ಏಳುವ ರೆಸಾರ್ಟುಗಳ ನಕ್ಷೆಯಲ್ಲಿ ಈಜುಕೊಳಕ್ಕೆ ಜಾಗವಿದೆ, ಮದುವೆಯ ಹುಲ್ಲುಹಾಸಿಗೆ ಜಾಗವಿದೆ, ನಾಯಿಗಳಿಗೂ ಬೇರೆ ವ್ಯವಸ್ಥೆ ಇದೆಯೆಂದು ಜಾಹೀರಾತು ಬರುತ್ತದೆ. ಆ ನಕ್ಷೆಗಳಿಗೆ ಮೊಹರು ಒತ್ತುವವರು ಇನ್ನೊಂದು ಕೋಣೆ ಕೇಳಲು ಯಾವ ಅಡ್ಡಿಯೂ ಇಲ್ಲ.

ಅಲ್ಲಿಯವರೆಗೆ ರೂಮು ಬುಕ್ ಮಾಡುವವರು ಫೋನಿನಲ್ಲೇ ಕೇಳಬಹುದು, ನಮ್ಮ ಡ್ರೈವರ್ ಎಲ್ಲಿ ಮಲಗುತ್ತಾರೆ ಎಂದು. ಅವರು ಅಡ್ಜಸ್ಟ್ ಮಾಡ್ಕೋತಾರೆ ಸಾರ್ ಎಂಬ ಉತ್ತರ ಬಂದರೆ ಬೇರೆ ಹೋಟೆಲು ಹುಡುಕಬಹುದು. ಏಜೆನ್ಸಿಯ ಬಿಲ್ಲು ಬಂದಾಗ ಅದರಲ್ಲಿರುವ ಬಾಟಾಕ್ಕೆ ಆ ಊರಿನಲ್ಲಿ ಒಂದು ಹಾಸಿಗೆ ಸಿಗುತ್ತದೆಯೇ ಎಂದು ಲೆಕ್ಕ ಹಾಕಿ, ಸಿಗದಿದ್ದರೆ ಉಳಿದದ್ದನ್ನು ಟಿಪ್ಸ್ ಎನ್ನದೆ ರೂಮಿನ ಬಾಡಿಗೆ ಎಂದೇ ಹೇಳಿ ಕೊಡಬಹುದು. ಘಾಟಿಯನ್ನು ಹಗಲಿನಲ್ಲೇ ಇಳಿಯುವಂತೆ ಪ್ರವಾಸದ ಪಟ್ಟಿ ಮಾಡಬಹುದು, ಅದಕ್ಕಾಗಿ ಒಂದು ಸೂರ್ಯಾಸ್ತ ತಪ್ಪಿದರೆ ತಪ್ಪಲಿ. ಇಷ್ಟು ಮಾಡಿದ ಮೇಲೂ ಅವರು ಮಾತಾಡದೆ, ಮುಖ ಗಂಟಿಕ್ಕಿಕೊಂಡೇ ಗಾಡಿ ಓಡಿಸಿದರೆ ಓಡಿಸಲಿ. ನಾವು ಬಾಡಿಗೆಗೆ ಪಡೆದದ್ದು ಗಾಡಿ ಮತ್ತು ಚಾಲನೆ, ಮುಖದ ಮೇಲಿನ ಶಾಂತಿಯನ್ನಲ್ಲ.